ವಿಚ್ಛೇದನ: ಹಣದ ಪ್ರಶ್ನೆ ಬೇರೆ, ಮಗುವಿನ ಪ್ರಶ್ನೆ ಬೇರೆ

ವಿಚ್ಛೇದನದ ನೋಟಿಸು ಮನೆಗೆ ಬಂದ ದಿನದಿಂದ ಸಲಹೆ ಕೊಡುವವರಿಗೆ ಬರವಿಲ್ಲ. ‘ಸಂಬಳದಲ್ಲಿ ಅರ್ಧ ಹೋಯಿತು ಎಂದೇ ತಿಳಿದುಕೋ’ ಎನ್ನುವವರು ಒಬ್ಬರು. ‘ನೀನು ಕೆಲಸಕ್ಕೆ ಹೋಗುತ್ತೀಯ, ನಿನಗೆ ಬಿಡಿಗಾಸೂ ಸಿಗುವುದಿಲ್ಲ’ ಎನ್ನುವವರು ಇನ್ನೊಬ್ಬರು. ‘ಮಗು ತಾಯಿಗೇ ಹೋಗುತ್ತದೆ’, ‘ಯಾರ ಹತ್ತಿರ ಹಣವಿದೆಯೋ ಅವರಿಗೇ ಮಗು’ ಎಂಬ ಮಾತುಗಳೂ ಅಷ್ಟೇ ಧೈರ್ಯವಾಗಿ ಕೇಳಿಬರುತ್ತವೆ. ಇವುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ. ಆದರೆ ಇವನ್ನೇ ನಂಬಿ ಜನ ರಾಜಿಗೆ ಸಹಿ ಹಾಕುತ್ತಾರೆ, ಅಥವಾ ರಾಜಿಯಾಗಬಹುದಾಗಿದ್ದ ವ್ಯಾಜ್ಯವನ್ನು ವರ್ಷಗಟ್ಟಲೆ ಎಳೆಯುತ್ತಾರೆ.

ಮೊದಲು ತಿಳಿಯಬೇಕಾದದ್ದು ಇಷ್ಟು. ಮದುವೆ ಮುರಿಯಬೇಕೇ, ಯಾರು ಯಾರಿಗೆ ಎಷ್ಟು ಹಣ ಕೊಡಬೇಕು, ಮಗು ಯಾರ ಜೊತೆ ಇರಬೇಕು: ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಮೂರಕ್ಕೂ ನ್ಯಾಯಾಲಯ ಬಳಸುವ ಅಳತೆಗೋಲು ಬೇರೆ. ಮೊದಲನೆಯದರಲ್ಲಿ ಗೆದ್ದವರು ಉಳಿದ ಎರಡರಲ್ಲೂ ಗೆಲ್ಲುತ್ತಾರೆಂಬ ನಿಯಮವಿಲ್ಲ.

ಯಾವ ಕಾನೂನು, ಯಾವ ಕೋರ್ಟು

ಭಾರತದಲ್ಲಿ ವಿಚ್ಛೇದನಕ್ಕೆ ಎಲ್ಲರಿಗೂ ಅನ್ವಯವಾಗುವ ಒಂದೇ ಕಾನೂನಿಲ್ಲ. ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ನೋಂದಣಿ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು ಮತ್ತು ಸಂಬಂಧಪಟ್ಟ ಕಾಯ್ದೆಗಳಿವೆ. ಇವುಗಳ ಜೊತೆಗೆ, ಧರ್ಮ ಯಾವುದೇ ಇರಲಿ, ಎಲ್ಲರಿಗೂ ತೆರೆದಿರುವ ಎರಡು ಬಾಗಿಲುಗಳಿವೆ. ಒಂದು, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಆಗಿದ್ದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿರುವ ಜೀವನಾಂಶದ ಅವಕಾಶ. ಇನ್ನೊಂದು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಇದರಡಿ ಹೆಂಡತಿಗೆ ವಾಸದ ಮನೆ, ಹಣದ ಪರಿಹಾರ ಮತ್ತು ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನು ಮ್ಯಾಜಿಸ್ಟ್ರೇಟರೇ ಕೊಡಿಸಬಹುದು.

ವಿಚ್ಛೇದನದ ಅರ್ಜಿ ಸಾಮಾನ್ಯವಾಗಿ ಹೋಗುವುದು ಕೌಟುಂಬಿಕ ನ್ಯಾಯಾಲಯಕ್ಕೆ. 1984ರ ಕಾಯ್ದೆಯಿಂದ ಹುಟ್ಟಿದ ಈ ನ್ಯಾಯಾಲಯಗಳ ಮೊದಲ ಕರ್ತವ್ಯ ರಾಜಿಗೆ ಪ್ರಯತ್ನಿಸುವುದು. ಹಾಗಾಗಿ ವಿಚಾರಣೆಗೆ ಮುನ್ನ ಆಪ್ತ ಸಮಾಲೋಚಕರ ಅಥವಾ ಮಧ್ಯಸ್ಥಿಕೆಗಾರರ ಮುಂದೆ ಕೂರಬೇಕಾಗುತ್ತದೆ. ಇದನ್ನು ಕಾಟಾಚಾರದ ವಾಯಿದೆ ಎಂದು ಭಾವಿಸುವವರೇ ಹೆಚ್ಚು. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಕಕ್ಷಿದಾರರ ಮಾತಿಗೆ ಅತ್ಯಂತ ಹೆಚ್ಚು ಬೆಲೆ ಇರುವ ಘಟ್ಟ ಇದೇ. ಕಟಕಟೆ ಹತ್ತಿದ ಮೇಲೆ ಮಾತಿನ ಜಾಗವನ್ನು ಪಾಟೀಸವಾಲು ಹಿಡಿಯುತ್ತದೆ.

ಜೀವನಾಂಶದ ಎರಡು ರೂಪ

ವ್ಯಾಜ್ಯ ನಡೆಯುತ್ತಿರುವಾಗ ಕೊಡಿಸುವುದು ಮಧ್ಯಂತರ ಜೀವನಾಂಶ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಲ್ಲಿ ಇದಕ್ಕೆ ಅವಕಾಶವಿದ್ದು, ತಿಂಗಳ ಖರ್ಚಿನ ಜೊತೆಗೆ ವ್ಯಾಜ್ಯದ ಖರ್ಚನ್ನೂ ಕೇಳಬಹುದು. ಎದುರಾಳಿಗೆ ನೋಟಿಸು ತಲುಪಿದ 60 ದಿನಗಳೊಳಗೆ ಇಂಥ ಅರ್ಜಿಯನ್ನು ಆದಷ್ಟು ಮಟ್ಟಿಗೆ ಇತ್ಯರ್ಥಪಡಿಸಬೇಕೆಂದು ಕಾನೂನು ಹೇಳುತ್ತದೆ. ಆದಷ್ಟು ಮಟ್ಟಿಗೆ ಎಂಬ ಆ ಸಡಿಲಿಕೆಯಲ್ಲೇ ಎಷ್ಟೋ ತಿಂಗಳುಗಳು ಜಾರಿಹೋಗುತ್ತವೆ.

ವಿಚ್ಛೇದನದ ತೀರ್ಪಿನ ಜೊತೆಗೆ ಅಥವಾ ಆಮೇಲೆ ಕೊಡಿಸುವುದು ಶಾಶ್ವತ ಜೀವನಾಂಶ. ಇದು ಒಂದೇ ಗಂಟಿನಲ್ಲಿ ಬರಬಹುದು, ತಿಂಗಳು ತಿಂಗಳೂ ಬರಬಹುದು. ಹಿಂದೂ ವಿವಾಹ ಕಾಯ್ದೆಯಡಿ ಈ ಎರಡನ್ನೂ ಹೆಂಡತಿಯಂತೆ ಗಂಡನೂ ಕೇಳಬಹುದು. ದುಡಿಯಲಾಗದ ಗಂಡ, ಚೆನ್ನಾಗಿ ದುಡಿಯುವ ಹೆಂಡತಿ ಎಂಬ ಸಂದರ್ಭ ಅಪರೂಪವಾದರೂ ಕಾನೂನು ಅದನ್ನು ಒಪ್ಪಿಕೊಂಡಿದೆ. ವಿಶೇಷ ವಿವಾಹ ಕಾಯ್ದೆಯಲ್ಲಿ ಮಾತ್ರ ಈ ಹಕ್ಕು ಹೆಂಡತಿಗಷ್ಟೇ ಇದೆ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಹಿಂದಿನ 125ನೇ (ಈಗಿನ 144ನೇ) ಕಲಮಿನಡಿ ಜೀವನಾಂಶ ಕೇಳಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಮಕ್ಕಳ ಜೀವನಾಂಶ ಇವೆರಡರಿಂದಲೂ ಪ್ರತ್ಯೇಕ. ಹೆಂಡತಿಗೆ ಜೀವನಾಂಶ ಸಿಗದಿರಲು ಕಾರಣಗಳಿರಬಹುದು, ಆ ಕಾರಣಗಳು ಮಗುವಿಗೆ ತಗಲುವುದಿಲ್ಲ. ತಂದೆ ತಾಯಿ ರಾಜಿ ಮಾಡಿಕೊಂಡು ‘ಇನ್ನು ಮುಂದೆ ಮಗುವಿಗಾಗಿ ಏನನ್ನೂ ಕೇಳುವುದಿಲ್ಲ’ ಎಂದು ಬರೆದುಕೊಟ್ಟರೂ ಮಗುವಿನ ಹಕ್ಕು ಅಳಿಯುವುದಿಲ್ಲ. ಆ ಹಕ್ಕು ಮಗುವಿನದು, ಬಿಟ್ಟುಕೊಡಲು ಪೋಷಕರಿಗೆ ಅಧಿಕಾರವಿಲ್ಲ.

ಎಷ್ಟು ಎಂಬ ಪ್ರಶ್ನೆ

ಕಾನೂನಿನಲ್ಲಿ ಯಾವ ಸೂತ್ರವೂ ಇಲ್ಲ. ಎಲ್ಲೆಡೆ ಕೇಳಿಬರುವ ‘ಶೇ 25’ ಎಂಬುದು 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಬ್ಬಿದ್ದು. ಗಂಡನ ಕೈಗೆ ಬರುವ ಸಂಬಳದ ಶೇ 25ರಷ್ಟು ಹೆಂಡತಿಗೆ ಕೊಡುವುದು ಸೂಕ್ತ ಎಂದು ಆ ತೀರ್ಪು ಹೇಳಿದ್ದು ನಿಜ. ಆದರೆ ಅದೇ ತೀರ್ಪನ್ನು ಮುಂದಕ್ಕೆ ಓದಿದರೆ, ಸುಮಾರು 95 ಸಾವಿರ ರೂಪಾಯಿ ಕೈಗೆ ಬರುತ್ತಿದ್ದ ಗಂಡನಿಗೆ ಉಚ್ಚ ನ್ಯಾಯಾಲಯ ವಿಧಿಸಿದ್ದ 23 ಸಾವಿರವನ್ನು ಸುಪ್ರೀಂ ಕೋರ್ಟ್ 20 ಸಾವಿರಕ್ಕೆ ಇಳಿಸಿತು. ಆತ ಮರುಮದುವೆಯಾಗಿದ್ದ, ಆ ಸಂಸಾರದಲ್ಲೂ ಮಗುವಿತ್ತು. ಅಂದರೆ ಶೇ 25 ಒಂದು ಅಂದಾಜೇ ಹೊರತು ಕಟ್ಟಳೆಯಲ್ಲ.

ಹಾಗಾದರೆ ನ್ಯಾಯಾಧೀಶರು ನೋಡುವುದು ಏನನ್ನು? ಇಬ್ಬರ ಆದಾಯ, ಆಸ್ತಿ, ಸಾಲ. ಮದುವೆಯಲ್ಲಿದ್ದಾಗ ಇದ್ದ ಜೀವನಮಟ್ಟ. ವಯಸ್ಸು, ಆರೋಗ್ಯ, ಓದು. ಮದುವೆ ಎಷ್ಟು ವರ್ಷ ಬಾಳಿತು ಎಂಬುದು. ಮಕ್ಕಳಿಗಾಗಿ, ಮನೆಯ ಹಿರಿಯರಿಗಾಗಿ ಕೆಲಸ ಬಿಟ್ಟದ್ದುಂಟೇ ಎಂಬುದು. ಈ ಕೊನೆಯದಕ್ಕೆ ಈಗೀಗ ಹೆಚ್ಚು ತೂಕ ಸಿಗುತ್ತಿದೆ, ಸಿಗಬೇಕಾದದ್ದೇ. ಹತ್ತು ವರ್ಷ ಮನೆ ನೋಡಿಕೊಂಡು ಕುಳಿತ ಎಂಜಿನಿಯರ್ ಪದವೀಧರೆಗೆ ನಾಳೆ ಬೆಳಿಗ್ಗೆ ಯಾರೂ ಹಳೆಯ ಸಂಬಳಕ್ಕೆ ಕೆಲಸ ಕೊಡುವುದಿಲ್ಲ. ದುಡಿಯುವ ಸಾಮರ್ಥ್ಯ ಇರುವುದು ಬೇರೆ, ನಿಜಕ್ಕೂ ದುಡಿಯುತ್ತಿರುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಇಂಥವರನ್ನು ಕಂಡೇ. ಹೆಂಡತಿಗೆ ಕೆಲಸವಿದ್ದರೂ ಜೀವನಾಂಶದ ದಾರಿ ತಾನಾಗಿ ಮುಚ್ಚುವುದಿಲ್ಲ. ಇಬ್ಬರ ಗಳಿಕೆಯ ನಡುವೆ ಎಷ್ಟು ಅಂತರವಿದೆ, ಆಕೆಯ ಗಳಿಕೆ ಅದೇ ಮಟ್ಟದ ಬದುಕಿಗೆ ಸಾಲುತ್ತದೆಯೇ ಎಂದು ನೋಡಲಾಗುತ್ತದೆ. ಆಕೆಗೆ ಸಾಕಷ್ಟು ಆದಾಯವಿದ್ದರೆ ಮಕ್ಕಳ ಖರ್ಚಿನಲ್ಲಿ ಆಕೆಯ ಪಾಲೂ ಇರುತ್ತದೆ.

ಸಂಬಳದ ಚೀಟಿಯ ವಿಷಯದಲ್ಲಿ ಒಂದು ಮಾತು. ಗಂಡನ ಸಂಬಳ 80 ಸಾವಿರ ಎಂದಿಟ್ಟುಕೊಳ್ಳಿ. ಅದರಲ್ಲಿ ಆದಾಯ ತೆರಿಗೆ, ವೃತ್ತಿ ತೆರಿಗೆಯಂಥ ಕಡ್ಡಾಯ ಕಡಿತಗಳು 6 ಸಾವಿರ. ಮನೆ ಸಾಲ, ಕಾರಿನ ಸಾಲ, ವಿಮೆ, ಸಹಕಾರ ಸಂಘದ ಕಂತು ಎಂದು ಇನ್ನೂ 50 ಸಾವಿರ ಕಡಿತವಾಗಿ ಕೈಗೆ 24 ಸಾವಿರ ಬರುತ್ತಿದೆ. ‘ನನ್ನ ಆದಾಯ 24 ಸಾವಿರ’ ಎಂಬ ವಾದ ನಿಲ್ಲುವುದಿಲ್ಲ. ತೆರಿಗೆಯಂಥ ಕಡ್ಡಾಯ ಕಡಿತಗಳನ್ನು ಬಿಟ್ಟು, ತಾನಾಗಿ ಮಾಡಿಕೊಂಡ ಸಾಲ ಮತ್ತು ಉಳಿತಾಯದ ಕಂತುಗಳನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಕಳೆಯಲು ಒಪ್ಪುವುದಿಲ್ಲ. ಇಲ್ಲಿ ಲೆಕ್ಕ ಶುರುವಾಗುವುದು 74 ಸಾವಿರದಿಂದ.

ಮುಚ್ಚಿಟ್ಟ ಆದಾಯ, ಉಬ್ಬಿಸಿದ ಖರ್ಚು

ಜೀವನಾಂಶದ ಅರ್ಜಿಗಳಲ್ಲಿ ಒಂದು ವಿಚಿತ್ರ ಬಹುಕಾಲ ನಡೆದುಬಂದಿತ್ತು. ಕೊಡಬೇಕಾದವರು ತಮ್ಮ ಆದಾಯವನ್ನು ಕುಗ್ಗಿಸುತ್ತಿದ್ದರು, ಕೇಳುವವರು ಖರ್ಚನ್ನು ಹಿಗ್ಗಿಸುತ್ತಿದ್ದರು, ನ್ಯಾಯಾಧೀಶರು ನಡುವೆ ಎಲ್ಲೋ ಒಂದು ಅಂಕಿಯನ್ನು ಊಹಿಸಬೇಕಾಗುತ್ತಿತ್ತು. 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಕಡಿವಾಣ ಹಾಕಿತು. ಜೀವನಾಂಶದ ಪ್ರತಿ ಪ್ರಕರಣದಲ್ಲೂ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕು. ಅದರ ನಮೂನೆಯನ್ನು ತೀರ್ಪಿನ ಜೊತೆಗೇ ಕೊಡಲಾಗಿದೆ.

ಆ ನಮೂನೆಯನ್ನು ಒಮ್ಮೆ ಓದಿದರೆ ಅದರ ಬಿಗಿ ಅರ್ಥವಾಗುತ್ತದೆ. ಕೆಲಸ, ಸಂಬಳ, ಬ್ಯಾಂಕ್ ಖಾತೆಗಳು, ಠೇವಣಿ, ಷೇರು, ಒಡವೆ, ವಾಹನ, ಸಾಲ, ಅವಲಂಬಿತರು, ಮಗುವಿನ ಶಾಲೆಯ ಶುಲ್ಕ ಹೀಗೆ ಒಂದೊಂದಕ್ಕೂ ಪ್ರತ್ಯೇಕ ಸಾಲಿದೆ. ಬೇಸಾಯ ನಂಬಿದವರಿಗೆ ಬೇರೆಯದೇ ನಮೂನೆಯಿದ್ದು, ಜಮೀನು, ಬೆಳೆ, ಜಾನುವಾರುಗಳ ವಿವರವನ್ನು ಕೇಳುತ್ತದೆ. ಸುಳ್ಳು ಬರೆದರೆ ಅದು ಪ್ರಮಾಣ ಮಾಡಿ ಹೇಳಿದ ಸುಳ್ಳಾಗುತ್ತದೆ, ಕ್ರಮ ಎದುರಿಸಬೇಕಾಗುತ್ತದೆ. ಅಂಗಡಿ, ಗುತ್ತಿಗೆ, ಕಮಿಷನ್ ವ್ಯವಹಾರ ಮಾಡುವವರ ಆದಾಯವನ್ನು ಹಿಡಿಯುವುದು ಇಂದಿಗೂ ಕಷ್ಟವೇ. ಅಂಥಲ್ಲಿ ಬ್ಯಾಂಕ್ ಖಾತೆಯ ವಹಿವಾಟು, ಜಿಎಸ್‌ಟಿ ದಾಖಲೆ, ಕಾರ್ಡಿನ ಖರ್ಚು, ಪ್ರಯಾಣದ ವಿವರಗಳೇ ಮಾತನಾಡುತ್ತವೆ. ತಿಂಗಳಿಗೆ ಹದಿನೈದು ಸಾವಿರ ಆದಾಯ ತೋರಿಸಿ ಮೂವತ್ತು ಸಾವಿರ ಸಾಲದ ಕಂತು ಕಟ್ಟುವವರು ಅದಕ್ಕೆ ಉತ್ತರ ಹೇಳಲೇಬೇಕು.

ಅದೇ ತೀರ್ಪಿನ ಇನ್ನೆರಡು ಅಂಶಗಳು ಸಾಮಾನ್ಯರಿಗೆ ಬಹಳ ಮುಖ್ಯ. ಜೀವನಾಂಶ ಲೆಕ್ಕವಾಗಬೇಕಾದದ್ದು ಅರ್ಜಿ ಹಾಕಿದ ದಿನದಿಂದ, ಆದೇಶ ಬಂದ ದಿನದಿಂದ ಅಲ್ಲ. ಹಾಗಾಗಿ ವಾಯಿದೆ ಎಳೆದು ಹಣ ಉಳಿಸುವ ಲೆಕ್ಕಾಚಾರ ಫಲಿಸುವುದಿಲ್ಲ, ಹಿಂಬಾಕಿ ಬೆಳೆಯುತ್ತದೆ ಅಷ್ಟೆ. ಎರಡನೆಯದು, ಒಂದು ಕೋರ್ಟಿನಲ್ಲಿ ಆದೇಶ ಪಡೆದವರು ಇನ್ನೊಂದು ಕೋರ್ಟಿಗೆ ಹೋದಾಗ ಅದನ್ನು ತಿಳಿಸಲೇಬೇಕು, ಮೊದಲ ಮೊತ್ತವನ್ನು ಎರಡನೆಯದರಲ್ಲಿ ಹೊಂದಿಸಲಾಗುತ್ತದೆ.

ಮನೆ, ಒಡವೆ, ಆಸ್ತಿ

ವಿಚ್ಛೇದನವಾದರೆ ಆಸ್ತಿ ಅರ್ಧಕ್ಕರ್ಧ ಎಂಬುದು ಬೇರೆ ದೇಶಗಳ ಸುದ್ದಿ ಓದಿ ಬಂದ ನಂಬಿಕೆ. ಭಾರತದಲ್ಲಿ ಗೋವಾ, ದಮನ್ ಮತ್ತು ದಿಯುಗಳನ್ನು ಬಿಟ್ಟರೆ, ಮದುವೆಯಾದ ಮಾತ್ರಕ್ಕೆ ಆಸ್ತಿ ಇಬ್ಬರದಾಗುವುದಿಲ್ಲ. ಯಾರ ಹೆಸರಿನಲ್ಲಿದೆಯೋ ಅವರದು. ಜಂಟಿ ಹೆಸರಿನಲ್ಲಿದ್ದರೆ ಅದು ಬೇರೆ ಮಾತು, ಆಗ ಯಾರು ಎಷ್ಟು ಕಟ್ಟಿದರು ಎಂಬ ದಾಖಲೆ ಮುಖ್ಯವಾಗುತ್ತದೆ. ಗಂಡನ ಆಸ್ತಿ ಹೆಂಡತಿಯ ನೆರವಿಗೆ ಬರುವುದು ಪಾಲಿನ ರೂಪದಲ್ಲಲ್ಲ. ಜೀವನಾಂಶ ಎಷ್ಟಿರಬೇಕೆಂದು ತೀರ್ಮಾನಿಸುವಾಗ ಅದು ಗಣನೆಗೆ ಬರುತ್ತದೆ.

ಸ್ತ್ರೀಧನ ಮಾತ್ರ ಪೂರ್ತಿಯಾಗಿ ಹೆಂಡತಿಯದು. ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ಆಕೆಗೆಂದು ತವರಿನವರು, ಅತ್ತೆ ಮನೆಯವರು, ಬಂಧುಗಳು ಕೊಟ್ಟ ಒಡವೆ, ಉಡುಗೊರೆಗಳೆಲ್ಲ ಇದರಲ್ಲಿ ಸೇರುತ್ತವೆ. ಗಂಡ ಕಷ್ಟಕಾಲದಲ್ಲಿ ಅದನ್ನು ಬಳಸಿದ್ದರೆ ಹಿಂದಿರುಗಿಸುವ ಹೊಣೆ ಅವನದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ತೊಡಕು ಬರುವುದು ರುಜುವಾತಿನಲ್ಲಿ. ಮದುವೆಯ ಫೋಟೊ, ಒಡವೆಯ ರಸೀದಿ, ಬ್ಯಾಂಕ್ ಲಾಕರಿನ ದಾಖಲೆ ಇದ್ದವರ ಕೆಲಸ ಹಗುರ.

ಮಗುವಿನ ವಿಷಯಕ್ಕೆ ಬಂದಾಗ

ಇಲ್ಲಿ ಮೂರು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಪಾಲಕತ್ವ ಎಂದರೆ ಮಗುವಿನ ಪರವಾಗಿ ದೊಡ್ಡ ತೀರ್ಮಾನಗಳನ್ನು ಮಾಡುವ, ಅದರ ಆಸ್ತಿಯನ್ನು ನೋಡಿಕೊಳ್ಳುವ ಕಾನೂನಿನ ಸ್ಥಾನ. ಸುಪರ್ದಿ ಎಂದರೆ ಮಗು ದಿನನಿತ್ಯ ಯಾರ ಜೊತೆ ಇರುತ್ತದೆ ಎಂಬುದು. ಭೇಟಿಯ ಹಕ್ಕು ಎಂದರೆ ಜೊತೆಯಲ್ಲಿಲ್ಲದ ಪೋಷಕರು ಮಗುವನ್ನು ಯಾವಾಗ, ಎಲ್ಲಿ, ಎಷ್ಟು ಹೊತ್ತು ನೋಡಬಹುದು ಎಂಬುದು. ಸುಪರ್ದಿ ತಾಯಿಗೆ ಹೋದರೆ ತಂದೆ ಪೋಷಕನಲ್ಲ ಎಂದಾಗುವುದಿಲ್ಲ. ಹಲವರು ಹಾಗೆ ಅರ್ಥ ಮಾಡಿಕೊಂಡು ನೋಯುತ್ತಾರೆ.

1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ ಪ್ರಕಾರ ಸಹಜ ಪಾಲಕ ತಂದೆ, ಆಮೇಲೆ ತಾಯಿ. ತಂದೆ ಬದುಕಿದ್ದರೂ ಮಗುವಿನ ಹೊಣೆಯಿಂದ ದೂರವಿದ್ದರೆ ತಾಯಿಯೇ ಸಹಜ ಪಾಲಕಳಾಗಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪಿತ್ತಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ‘ಮಗು ತಾಯಿಗೇ’ ಎಂಬ ಮಾತಿನ ಬೇರು ಇದು. ಐದು ದಾಟಿದ ಮಗುವಿಗೆ ಈ ಒಲವು ಕಾನೂನಿನಲ್ಲಿಲ್ಲ, ಐದರೊಳಗೂ ಅದಕ್ಕೆ ಅಪವಾದಗಳುಂಟು. ಕಾಯ್ದೆಯ 13ನೇ ಕಲಂ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ: ಮಗುವಿನ ಹಿತವೇ ಪರಮ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯೂ ಮಗುವಿನ ಹಿತವನ್ನೇ ನೋಡುತ್ತದೆ, ಇದು ಎಲ್ಲ ಧರ್ಮದವರಿಗೂ ಅನ್ವಯವಾಗುತ್ತದೆ.

‘ಯೋಗ್ಯರಲ್ಲ’ ಎಂಬ ಆರೋಪ

ಸುಪರ್ದಿಯ ಅರ್ಜಿಗಳನ್ನು ಓದಿದರೆ ಎದೆ ಭಾರವಾಗುತ್ತದೆ. ಕುಡಿತ, ಸಿಟ್ಟು, ಖಿನ್ನತೆ, ಬೇರೆ ಸಂಬಂಧ, ರಾತ್ರಿ ಪಾಳಿ, ಅಡುಗೆ ಬಾರದಿರುವುದು, ತವರಿನ ಹಿಡಿತ: ಹತ್ತು ವರ್ಷ ಜೊತೆಗಿದ್ದವರು ಒಬ್ಬರ ಮೇಲೊಬ್ಬರು ಹೇಳದ ಆರೋಪವಿಲ್ಲ. ಇವೆಲ್ಲಕ್ಕೂ ನ್ಯಾಯಾಧೀಶರು ಹಾಕುವ ಪ್ರಶ್ನೆ ಒಂದೇ. ಈ ಸಂಗತಿಯಿಂದ ಮಗುವಿಗೆ ಏನಾಗಿದೆ, ಏನಾಗಬಹುದು?

ಈ ಪ್ರಶ್ನೆಯ ಮುಂದೆ ಅನೇಕ ಆರೋಪಗಳು ಬಿದ್ದುಹೋಗುತ್ತವೆ. ವಿವಾಹೇತರ ಸಂಬಂಧ ವಿಚ್ಛೇದನಕ್ಕೆ ಆಧಾರವಾಗಬಹುದು. ಅದೊಂದರಿಂದಲೇ ಒಬ್ಬ ತಾಯಿ ಕೆಟ್ಟ ತಾಯಿ ಎಂದಾಗುವುದಿಲ್ಲ ಎಂದು ಉಚ್ಚ ನ್ಯಾಯಾಲಯಗಳು ಹೇಳಿವೆ. ತಂದೆಗೂ ಇದೇ ಅಳತೆ ಸಲ್ಲಬೇಕು. ಚಿಕಿತ್ಸೆಯಲ್ಲಿರುವ, ಔಷಧಿಯಿಂದ ಹತೋಟಿಯಲ್ಲಿರುವ ಮಾನಸಿಕ ಕಾಯಿಲೆ ತಾನಾಗಿ ಅನರ್ಹತೆಯಲ್ಲ. ಆಸ್ಪತ್ರೆಯ ಚೀಟಿಯೊಂದನ್ನು ಕೋರ್ಟಿಗೆ ತಂದು ‘ಇವಳಿಗೆ ಹುಚ್ಚು’ ಎಂದು ಸಾಧಿಸಲು ಹೊರಡುವುದು ಕ್ರೂರ, ಫಲವೂ ಕಡಿಮೆ. ಹೆಚ್ಚು ದುಡಿಯುವುದರಿಂದ ಮಗುವಿನ ಮೇಲೆ ಹೆಚ್ಚಿನ ಹಕ್ಕು ಬರುವುದಿಲ್ಲ. ಸಂಬಳ ಕಡಿಮೆ ಇರುವವರ ಬಳಿ ಮಗು ಇರುವುದೇ ಹಿತವಾದರೆ, ಇನ್ನೊಬ್ಬರಿಂದ ಹಣ ಕೊಡಿಸಿ ಮಗುವನ್ನು ಅಲ್ಲೇ ಉಳಿಸುವುದು ನ್ಯಾಯಾಲಯದ ದಾರಿ.

ನಿಲ್ಲುವ ಆರೋಪಗಳೂ ಇವೆ. ಮಗುವಿನ ಮೇಲೆ ಅಥವಾ ಮಗುವಿನ ಕಣ್ಣೆದುರು ನಡೆದ ಹಿಂಸೆ. ಮಗುವನ್ನು ನೋಡಿಕೊಳ್ಳಬೇಕಾದ ಹೊತ್ತಿನ ಕುಡಿತ ಅಥವಾ ಮಾದಕ ವಸ್ತು. ಮಗುವನ್ನು ತಿಂಗಳುಗಟ್ಟಲೆ ತಿರುಗಿಯೂ ನೋಡದಿರುವುದು. ಮತ್ತೆ, ಅನೇಕರಿಗೆ ಗೊತ್ತೇ ಇಲ್ಲದ ಒಂದು: ಮಗುವಿನ ಮನಸ್ಸಿನಲ್ಲಿ ಇನ್ನೊಬ್ಬ ಪೋಷಕರ ಬಗ್ಗೆ ವಿಷ ತುಂಬುವುದು. ಸುಪ್ರೀಂ ಕೋರ್ಟ್ 2017ರ ತೀರ್ಪೊಂದರಲ್ಲಿ ಇದನ್ನು ವಿವರವಾಗಿ ಚರ್ಚಿಸಿದೆ. ಎದುರಾಳಿಯನ್ನು ಅಯೋಗ್ಯರೆಂದು ತೋರಿಸುವ ಭರದಲ್ಲಿ ಮಗುವಿಗೆ ಪಾಠ ಹೇಳಿಕೊಟ್ಟವರ ಯೋಗ್ಯತೆಯೇ ಪ್ರಶ್ನೆಗೊಳಗಾಗುತ್ತದೆ.

ಆರೋಪಗಳಿಗಿಂತ ಹೆಚ್ಚು ತೂಗುವುದು ಸಣ್ಣ ಸಣ್ಣ ವಾಸ್ತವಗಳು. ಶಾಲೆಯ ಪೋಷಕರ ಸಭೆಗೆ ಹೋದವರು ಯಾರು, ಲಸಿಕೆಯ ಪುಸ್ತಕ ಯಾರ ಬಳಿ ಇದೆ, ಮಗುವಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂದು ಯಾರಿಗೆ ಗೊತ್ತು. ‘ನಿಮ್ಮ ಮಗಳ ತರಗತಿಯ ಶಿಕ್ಷಕರ ಹೆಸರೇನು?’ ಎಂಬ ಒಂದು ಪಾಟೀಸವಾಲು ಹತ್ತು ಪುಟದ ಆರೋಪಪಟ್ಟಿಗಿಂತ ಹೆಚ್ಚು ಹೇಳಬಲ್ಲದು. ಮಗು ಈಗಿರುವ ಮನೆ, ಶಾಲೆ, ಗೆಳೆಯರನ್ನು ಕಾರಣವಿಲ್ಲದೆ ಕದಲಿಸಬಾರದು, ಅಣ್ಣ ತಂಗಿಯರನ್ನು ಬೇರೆ ಮಾಡಬಾರದು ಎಂಬುದನ್ನೂ ಗಮನಿಸಲಾಗುತ್ತದೆ. ಅಜ್ಜಿ ತಾತ ಜೊತೆಗಿರುವುದು ಅನುಕೂಲವೇ, ಆದರೆ ಅವರು ತಂದೆ ತಾಯಿಗೆ ಬದಲಿಯಲ್ಲ.

ಸಾಕ್ಷ್ಯದ ವಿಷಯದಲ್ಲಿ ಎರಡು ತೀರ್ಪುಗಳನ್ನು ನೆನಪಿಡಬೇಕು. ಗಂಡ ಹೆಂಡತಿ ಒಬ್ಬರಿಗೊಬ್ಬರು ತಿಳಿಯದಂತೆ ಧ್ವನಿಮುದ್ರಿಸಿಕೊಂಡ ಮಾತುಕತೆಯನ್ನು ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಹೆಂಡತಿಯ ನಡತೆಯ ಮೇಲಿನ ಅನುಮಾನಕ್ಕಾಗಿ ಮಗುವಿನ ಡಿಎನ್‌ಎ ಪರೀಕ್ಷೆಯನ್ನು ಮಾಮೂಲಿಯಾಗಿ ಮಾಡಿಸುವಂತಿಲ್ಲ ಎಂದು 2023ರಲ್ಲೇ ಹೇಳಿದೆ. ದೊಡ್ಡವರ ಜಗಳಕ್ಕೆ ಮಗುವಿನ ಗುರುತನ್ನು ಪಣಕ್ಕಿಡಬಾರದು ಎಂಬುದು ಇದರ ಹಿಂದಿನ ಕಾಳಜಿ.

ಮಗುವನ್ನು ಕೇಳುವುದು ಹೇಗೆ

ತಿಳಿವಳಿಕೆಯ ವಯಸ್ಸಿಗೆ ಬಂದ ಮಗುವಿನ ಇಚ್ಛೆಯನ್ನು 1890ರ ಕಾಯ್ದೆಯಡಿ ಪರಿಗಣಿಸಬಹುದು. ಯಾವ ವಯಸ್ಸು ಎಂದು ಅದು ಹೇಳಿಲ್ಲ. ನ್ಯಾಯಾಧೀಶರು ಸಾಮಾನ್ಯವಾಗಿ ಮಗುವನ್ನು ತಮ್ಮ ಕೊಠಡಿಗೆ ಕರೆದು, ತಂದೆ ತಾಯಿ ವಕೀಲರು ಯಾರೂ ಇಲ್ಲದಾಗ ಮಾತನಾಡಿಸುತ್ತಾರೆ. ಅಲ್ಲಿ ನಡೆಯುವುದು ಶಾಲೆ, ಆಟ, ಗೆಳೆಯರ ಮಾತು. ‘ಅಪ್ಪ ಬೇಕೋ ಅಮ್ಮ ಬೇಕೋ’ ಎಂದು ನೇರವಾಗಿ ಕೇಳುವುದಕ್ಕಿಂತ, ಮಗು ಯಾರ ಬಗ್ಗೆ ಹೇಗೆ ಮಾತನಾಡುತ್ತದೆ ಎಂಬುದರಿಂದ ಹೆಚ್ಚು ತಿಳಿಯುತ್ತದೆ. ಆರು ವರ್ಷದ ಮಗು ‘ಅವರು ನಮಗೆ ಮಾನಸಿಕ ಹಿಂಸೆ ಕೊಟ್ಟರು’ ಎಂದು ಹೇಳಿದರೆ ಆ ಮಾತು ಎಲ್ಲಿಂದ ಬಂತೆಂದು ಅನುಭವಿ ನ್ಯಾಯಾಧೀಶರಿಗೆ ಹೊಳೆಯುತ್ತದೆ. ಮಗುವಿನ ಇಚ್ಛೆ ಕೊನೆಯ ತೀರ್ಪಲ್ಲ, ತೂಗಿ ನೋಡುವ ಅಂಶಗಳಲ್ಲಿ ಒಂದು.

ಭೇಟಿಯ ಆದೇಶಗಳು ವಾರಾಂತ್ಯ, ಹಬ್ಬ, ಬೇಸಿಗೆ ರಜೆ, ವಿಡಿಯೊ ಕರೆ ಎಂದು ವಿವರವಾಗಿ ಇದ್ದಷ್ಟೂ ಜಗಳ ಕಡಿಮೆ. ಗಂಭೀರ ಆರೋಪವಿದ್ದಾಗ, ತನಿಖೆ ಮುಗಿಯುವ ತನಕ ಕೋರ್ಟಿನ ಆವರಣದಲ್ಲಿ ಅಥವಾ ಸಮಾಲೋಚಕರ ಎದುರು ಮಾತ್ರ ಭೇಟಿಗೆ ಅವಕಾಶ ಕೊಡುವುದುಂಟು. ಜಂಟಿ ಸುಪರ್ದಿಗೆ ಕಾನೂನಿನಲ್ಲಿ ಸ್ಪಷ್ಟ ಸ್ಥಾನ ಕೊಡಬೇಕೆಂದು ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು. ಕೆಲವು ನ್ಯಾಯಾಲಯಗಳು ಅಂಥ ವ್ಯವಸ್ಥೆಯನ್ನು ಆದೇಶಗಳ ಮೂಲಕ ಮಾಡುತ್ತಿವೆ.

ಹಣ ಬಾರದಿದ್ದರೆ ಭೇಟಿ ನಿಲ್ಲಿಸಬಹುದೇ?

ಇಲ್ಲ. ಭೇಟಿ ಕೊಡದಿದ್ದರೆ ಹಣ ನಿಲ್ಲಿಸಬಹುದೇ ಎಂಬುದಕ್ಕೂ ಉತ್ತರ ಇಲ್ಲ ಎಂದೇ. ಈ ಎರಡನ್ನೂ ಗಂಟು ಹಾಕುವುದೇ ವಿಚ್ಛೇದನದ ವ್ಯಾಜ್ಯಗಳಲ್ಲಿ ಅತ್ಯಂತ ಸಾಮಾನ್ಯವಾದ, ಅತ್ಯಂತ ನೋವಿನ ತಪ್ಪು. ತಂದೆ ಹಣ ಕಟ್ಟದಿದ್ದರೂ ಮಗುವಿಗೆ ತಂದೆ ಬೇಕು. ತಾಯಿ ಭೇಟಿಗೆ ಅಡ್ಡಿ ಮಾಡಿದರೂ ಮಗುವಿನ ಶಾಲೆಯ ಶುಲ್ಕ ನಿಲ್ಲುವುದಿಲ್ಲ. ಎರಡಕ್ಕೂ ಬೇರೆ ಬೇರೆ ಪರಿಹಾರವಿದೆ. ಹಣ ಬಾಕಿ ಉಳಿದರೆ ಸಂಬಳ ಅಥವಾ ಆಸ್ತಿಯ ಜಪ್ತಿಗೆ ಕೇಳಬಹುದು. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ವಿಧಿಸಬಹುದು, ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ. ಆದರೆ ಬಾಕಿ ವಸೂಲಿಯ ಅರ್ಜಿಯನ್ನು ಒಂದು ವರ್ಷದೊಳಗೆ ಹಾಕಬೇಕೆಂಬ ಗಡುವಿದೆ, ಅದನ್ನು ಮೀರಗೊಡಬಾರದು. ಭೇಟಿಯ ಆದೇಶ ಮುರಿದರೆ ಅದೇ ನ್ಯಾಯಾಲಯಕ್ಕೆ ದೂರಬಹುದು. ಪದೇ ಪದೇ ಮುರಿಯುವವರ ಸುಪರ್ದಿಯೇ ಮರುಪರಿಶೀಲನೆಗೆ ಬರಬಹುದು.

ಆದೇಶವನ್ನು ಬದಲಾಯಿಸುವುದು

ಸುಪರ್ದಿಯ ಆದೇಶ ಎಂದಿಗೂ ಅಂತಿಮವಲ್ಲ. ಬೆಳೆಯುವ ಮಗುವಿಗೆ ಹಳೆಯ ಅಂಗಿ ಬಿಗಿಯಾಗುವ ಹಾಗೆ, ಮೂರು ವರ್ಷದ ಮಗುವಿಗೆ ಬರೆದ ವೇಳಾಪಟ್ಟಿ ಹನ್ನೆರಡಕ್ಕೆ ಹೊಂದುವುದಿಲ್ಲ. ಊರು ಬದಲಾದಾಗ, ಮರುಮದುವೆಯಾದಾಗ, ಕಾಯಿಲೆ ಬಂದಾಗ ತಿದ್ದುಪಡಿ ಕೇಳಬಹುದು. ತಿಂಗಳ ಜೀವನಾಂಶವೂ ಹೀಗೆಯೇ, ಕೆಲಸ ಹೋದರೆ ಇಳಿಸಲು, ಶುಲ್ಕ ಏರಿದರೆ ಹೆಚ್ಚಿಸಲು ಅರ್ಜಿ ಹಾಕಬಹುದು. ತಾನಾಗಿ ಕೊಡುವುದನ್ನು ನಿಲ್ಲಿಸುವುದು ಮಾತ್ರ ಸಲ್ಲದು. ಕೆಲಸ ಹೋದ ತಿಂಗಳೇ ಅರ್ಜಿ ಹಾಕದೆ, ಎರಡು ವರ್ಷದ ಬಾಕಿ ಏರಿದ ಮೇಲೆ ಕಾರಣ ಹೇಳುವವರ ಮಾತನ್ನು ನ್ಯಾಯಾಲಯ ನಂಬುವುದು ಕಷ್ಟ.

ವಕೀಲರ ಶುಲ್ಕಕ್ಕೆ ಹೆದರಿ ಅರ್ಜಿಯನ್ನೇ ಹಾಕದ ಮಹಿಳೆಯರು ಬಹಳ ಮಂದಿ ಇದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಕಡಿಮೆ ಆದಾಯದ ಪುರುಷರಿಗೂ ಇದು ದೊರೆಯುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ನೇರವಾಗಿ ಹೋಗಬಹುದು, ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು. ಹೋಗುವಾಗ ಮದುವೆಯ ಪುರಾವೆ, ಮಗುವಿನ ಜನನ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ, ಶಾಲೆಯ ರಸೀದಿಗಳು, ಬಂದಿರುವ ನೋಟಿಸು ಕೈಯಲ್ಲಿರಲಿ. ನೋಟಿಸಿನ ಮೇಲೆ ಬರೆದಿರುವ ವಾಯಿದೆಯ ದಿನಾಂಕವನ್ನು ಮೊದಲು ನೋಡಿಕೊಳ್ಳಿ. ಆ ದಿನ ಹಾಜರಾಗದಿದ್ದರೆ ನಿಮ್ಮ ಮಾತು ಕೇಳದೆಯೇ ಏಕಪಕ್ಷೀಯ ಆದೇಶ ಆಗಬಹುದು.